ಸೊಸೆಯ ಪಾಲಿನ ಗೆಡ್ಡೆ

ಲಿಫ್ಟ್ ಮೇಸ್ತ್ರಿ ತನ್ನ ಮೊದಲ ಬಿಗೋನಿಯಾ ಗೆಡ್ಡೆಯನ್ನು ತಲೆಕೆಳಗಾಗಿ ನೆಟ್ಟಿದ್ದ.

ಹಳೆಯ ಕಟ್ಟಡಗಳ ಲಿಫ್ಟು ಕೈಕೊಟ್ಟಾಗಲೆಲ್ಲ ಜನ ಅವನನ್ನೇ ಕರೆಯುತ್ತಿದ್ದರು. ಬಾಗಿಲು ಎಳೆಯುವ ಸದ್ದು ಕೇಳಿಯೇ ಎಲ್ಲಿ ಗ್ರೀಸು ಒಣಗಿದೆ, ಯಾವ ಚಕ್ರ ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಯಂತ್ರದ ಜೊತೆ ಅಷ್ಟು ಸಲಿಗೆಯಿದ್ದವನಿಗೆ ಮನುಷ್ಯರ ಜೊತೆ ಮಾತು ಕಡಿಮೆ. ಗಿಡದ ಗೊಡವೆಯಂತೂ ಇರಲೇ ಇಲ್ಲ. ಕೆಡವಲು ನಿಂತ ಒಂದು ಕಚೇರಿಗೆ ಲಿಫ್ಟು ಬಿಚ್ಚಲು ಹೋಗಿದ್ದಾಗ, ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಅವನ ಕೈಗೆ ಕಾಗದದ ಪೊಟ್ಟಣವೊಂದನ್ನು ತುರುಕಿದಳು. ಮೆಟ್ಟಿಲ ಪಕ್ಕದ ಕುಂಡದಲ್ಲಿ ಹೂ ಬಿಡುತ್ತಿತ್ತಲ್ಲ, ಅದರ ಗೆಡ್ಡೆ, ಬಿಸಾಡಲು ಮನಸ್ಸಾಗಲಿಲ್ಲ ಎಂದಳು. ಬೇಡ ಎನ್ನಲು ಬಾಯಿ ಬಾರದೆ ಅವನು ಅದನ್ನು ಮನೆಗೆ ತಂದ.

ಒಣಗಿದ ಸಗಣಿ ಉಂಡೆಯನ್ನು ಯಾರೋ ತುಳಿದಂತಿತ್ತು ಆ ಗೆಡ್ಡೆ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಗುಳಿ. ಉಬ್ಬು ಮೇಲಿರಬೇಕೆಂದು ಅವನು ತಾನೇ ತೀರ್ಮಾನಿಸಿ, ಬಾಲ್ಕನಿಯ ಕುಂಡದಲ್ಲಿ ಹೂತು ದಿನವೂ ನೀರು ಹಾಕಿದ. ವಾರಗಟ್ಟಲೆ ಏನೂ ಬರಲಿಲ್ಲ. ಮಗನಿಗೆ ಆಗಷ್ಟೇ ಮದುವೆಯಾಗಿತ್ತು. ಸೊಸೆ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸದವಳು. ಹೊಸ ಮನೆ, ಹೊಸ ಜನ, ಯಾರ ಜೊತೆ ಏನು ಮಾತಾಡಬೇಕೆಂದು ತಿಳಿಯದೆ ಬಾಲ್ಕನಿಗೆ ಬಂದು ನಿಲ್ಲುತ್ತಿದ್ದಳು. ಬರೀ ಮಣ್ಣಿನ ಕುಂಡಕ್ಕೆ ನೀರು ಹಾಕುವ ಮಾವನನ್ನು ಕೆಲವು ದಿನ ನೋಡಿ, ಒಂದು ಸಂಜೆ ಚಮಚದಿಂದ ಮಣ್ಣು ಬಗೆದಳು.

"ಮಾವ, ಇದು ಶೀರ್ಷಾಸನ ಹಾಕಿದೆ" ಎಂದಳು.

ಗುಳಿಯ ಒಳಗೆ ಗುಲಾಬಿ ಬಣ್ಣದ ಎರಡು ಮೊಳಕೆಗಳು ದಾರಿ ಕಾಣದೆ ಮಣ್ಣಿಗೆ ಮುಖ ಒತ್ತಿಕೊಂಡಿದ್ದವು. ಮೇಸ್ತ್ರಿ ನಕ್ಕುಬಿಟ್ಟ. ಅವನ ಹೆಂಡತಿ ಅಡುಗೆಮನೆಯಿಂದ ಹೊರಬಂದು, ಈ ಮನುಷ್ಯ ಶಬ್ದ ಮಾಡಿ ನಕ್ಕಿದ್ದು ಯಾವ ಕಾಲದಲ್ಲೋ ಎಂದು ಇಬ್ಬರನ್ನೂ ನೋಡಿದಳು.

ಆಮೇಲೆ ಅದು ಮಾವ-ಸೊಸೆಯರ ಗಿಡವಾಯಿತು. ಇಬ್ಬರೂ ತಪ್ಪು ಮಾಡುತ್ತಲೇ ಕಲಿತರು. ಬಿಸಿಲು ನೇರ ಬಿದ್ದರೆ ಎಲೆ ಸುಡುತ್ತದೆ, ಕತ್ತಲಾದರೆ ಹೂವಿಲ್ಲ. ಗುಳಿಯಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಎಲೆ ನೆನೆದರೆ ಬೂದಿ ರೋಗ. ದಂಟಿನಲ್ಲಿ ನೀರೇ ತುಂಬಿರುವುದರಿಂದ ಜೋರಾಗಿ ಮುಟ್ಟಿದರೂ ಮುರಿಯುತ್ತದೆ. ಮೇಸ್ತ್ರಿ ಕೆಲಸದ ಚೀಲದಿಂದ ತೆಳ್ಳನೆ ತಂತಿ ತೆಗೆದು ಊರುಗೋಲು ಮಾಡಿದ. ಸೊಸೆ ಹಳೆಯ ಉಲ್ಲನ್ ದಾರದಿಂದ ದಂಟನ್ನು ಸಡಿಲವಾಗಿ ಕಟ್ಟಿದಳು. ಬೇಸಿಗೆಯ ನಡುವೆ ಹೂ ಬಿಟ್ಟಿತು. ಕಿತ್ತಳೆಗೂ ಕೆಂಪಿಗೂ ನಡುವಿನ ಬಣ್ಣ, ಪಕಳೆಯ ಮೇಲೆ ಪಕಳೆ, ಭಾರಕ್ಕೆ ತಲೆ ಬಾಗಿಸಿದ ಹೂ.

ನಡುವಿನ ದೊಡ್ಡ ಹೂ ಗಂಡು, ಅದರ ಅಕ್ಕಪಕ್ಕದ ಸಣ್ಣವು ಹೆಣ್ಣು, ಆ ಸಣ್ಣವನ್ನು ಚಿವುಟಿದರೆ ದೊಡ್ಡದು ತಟ್ಟೆಯಷ್ಟಾಗುತ್ತದೆ ಎಂದು ನರ್ಸರಿಯವನು ಹೇಳಿಕೊಟ್ಟಿದ್ದ. ಸೊಸೆ ಒಪ್ಪಲಿಲ್ಲ.

"ಗಂಡು ಕೊಬ್ಬಲಿ ಅಂತ ಹೆಣ್ಣನ್ನ ಚಿವುಟೋದಾ? ನನ್ನ ಕೈಲಾಗಲ್ಲ ಮಾವ."

"ಚಿವುಟದೇ ಬಿಟ್ಟರೆ ಏನಾಗುತ್ತೆ ಅಂತ ನನ್ನನ್ನ ನೋಡೇ, ಗೊತ್ತಾಗುತ್ತೆ" ಎಂದು ಅತ್ತೆ ತನ್ನ ಅಗಲವಾದ ಸೊಂಟ ತೋರಿಸಿದಳು. ಮೂವರೂ ನಕ್ಕರು. ಹೆಣ್ಣು ಹೂಗಳು ಹಾಗೇ ಉಳಿದವು.

ಆ ನಗುವಿನಲ್ಲಿ ಮಗ ಇರುತ್ತಿದ್ದದ್ದು ಅಪರೂಪ. ಅವನು ಔಷಧ ಕಂಪನಿಯ ಮಾಲು ಹಿಡಿದು ಊರೂರು ಸುತ್ತುವವನು. ಮನೆಯಲ್ಲಿದ್ದರೂ ಫೋನಿನಲ್ಲೇ ಮುಖ. ಹೀಗೆ ಕೆಲವು ವರ್ಷ ಕಳೆದವು. ಗೆಡ್ಡೆ ಪ್ರತಿ ಚಳಿಗಾಲ ಮಲಗಿ, ಪ್ರತಿ ವಸಂತದಲ್ಲಿ ಎದ್ದು, ಊಟದ ತಟ್ಟೆಯಷ್ಟು ಅಗಲವಾಯಿತು. ಇದರದ್ದೊಂದು ಎಕ್ಸ್-ರೇ ತೆಗೆದುಬಿಡೋಣ, ಒಳಗೆ ಏನು ಸಂಗ್ರಹ ಮಾಡಿದೆ ನೋಡೋಣ ಎಂದು ಸೊಸೆ ತಮಾಷೆ ಮಾಡುತ್ತಿದ್ದಳು.

ಒಂದು ಬೇಸಿಗೆಯ ಕೊನೆಯಲ್ಲಿ ಮಗ ಮನೆಗೆ ಬಂದು, ಬೂಟು ಬಿಚ್ಚದೆ ಕುರ್ಚಿಯಲ್ಲಿ ಕುಳಿತು, ಬೇರೆ ಊರಿನಲ್ಲಿ ಇನ್ನೊಬ್ಬಳಿದ್ದಾಳೆ, ಅವಳನ್ನೇ ಮದುವೆಯಾಗುತ್ತೇನೆ ಎಂದು ಹೇಳಿದ. ಸೊಸೆಗೆ ಮೊದಲೇ ಹೇಳಿದ್ದನಂತೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಅಳು ಎಲ್ಲ ಮುಗಿದವಳ ಹಾಗೆ. ಅತ್ತೆ ಕೂಗಾಡಿದಳು, ತಲೆ ಚಚ್ಚಿಕೊಂಡಳು. ಮೇಸ್ತ್ರಿ ಮಾತ್ರ ಮಗನಿಗೆ ಒಂದೇ ಮಾತು ಹೇಳಿದ.

"ಹೋಗಬೇಕಾದೋನು ನೀನು. ಅವಳಲ್ಲ."

ಮಗ ಎದ್ದು ಹೋದ. ಬೇರೆಡೆ ಇದ್ದುಕೊಂಡು ಕೋರ್ಟಿಗೆ ಓಡಾಡಿದ. ಆ ಚಳಿಗಾಲದಲ್ಲೇ ಅತ್ತೆಯ ಮೊಣಕಾಲಿನ ಆಪರೇಷನ್ ಆಯಿತು. ಅವಳನ್ನು ಹಾಸಿಗೆಯಿಂದ ಎಬ್ಬಿಸಿದ್ದು, ಸ್ನಾನ ಮಾಡಿಸಿದ್ದು, ಗೋಡೆ ಹಿಡಿದು ನಡೆಸಿದ್ದು ಎಲ್ಲ ಸೊಸೆಯೇ. ಬೆಳಿಗ್ಗೆ ಅತ್ತೆಯ ಕಾಲಿಗೆ ಪಟ್ಟಿ ಕಟ್ಟಿ, ಮಧ್ಯಾಹ್ನ ವಕೀಲರ ಬಳಿ ಹೋಗಿ ತನ್ನ ಮದುವೆ ಬಿಡಿಸಿಕೊಳ್ಳುವ ಕಾಗದಕ್ಕೆ ಸಹಿ ಹಾಕಿ, ಸಂಜೆ ಮತ್ತೆ ಬಂದು ಪಟ್ಟಿ ಬಿಚ್ಚಿದ ದಿನವೂ ಒಂದಿತ್ತು.

ಅತ್ತೆ ಕೋಲಿಲ್ಲದೆ ನಡೆದ ವಾರ ಸೊಸೆ ಆಸ್ಪತ್ರೆಯ ಹತ್ತಿರ ಒಂದು ಬಾಡಿಗೆ ಕೋಣೆ ನೋಡಿಕೊಂಡು ಬಂದಳು. ಮೇಸ್ತ್ರಿ ಅವಳನ್ನು ಬಾಲ್ಕನಿಗೆ ಕರೆದು, ನೀನು ಇಲ್ಲೇ ಇರು, ಅವನು ಬೇಕಾದರೆ ಹೊರಗೇ ಮನೆ ಮಾಡಿಕೊಂಡಿರಲಿ ಎಂದ. ಅವಳು ತಲೆ ಅಲ್ಲಾಡಿಸಿದಳು.

"ಅವರು ಎಲ್ಲಿಗೆ ಹೋದ್ರೂ ನಿಮ್ಮ ಮಗನೇ ಮಾವ. ನಾಳೆ ಬಂದೇ ಬರ್ತಾರೆ. ಆಗ ನಾನು ಇಲ್ಲಿ ಏನಾಗಿ ಇರಲಿ?"

ಮೇಸ್ತ್ರಿ ಕುಂಡಗಳ ಕಡೆ ಮುಖ ತಿರುಗಿಸಿಕೊಂಡು, ಗೆಡ್ಡೆ ತೆಗೆದುಕೊಂಡು ಹೋಗು ಎಂದ. ಪೂರ್ತಿ ಬೇಡ, ನಿಮಗೂ ಇರಲಿ ಎಂದಳು ಅವಳು.

ಹಾಗಾಗಿ ಗೆಡ್ಡೆಯನ್ನು ಕತ್ತರಿಸಿದರು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಸೊಸೆ ಆಸ್ಪತ್ರೆಯಿಂದ ತಂದಿದ್ದ ಸ್ಪಿರಿಟಿನಲ್ಲಿ ಚಾಕು ಒರೆಸಿದಳು. ಗೆಡ್ಡೆಯನ್ನು ತುಂಡು ಮಾಡಬೇಕಾದರೆ ಪ್ರತಿ ತುಂಡಿನಲ್ಲೂ ಮೊಳಕೆ ಇರಲೇಬೇಕು, ಇಲ್ಲದಿದ್ದರೆ ಅದು ಬರೀ ತುಂಡು. ಮೊಳಕೆಗಳೆಲ್ಲ ಒಂದೇ ಬದಿಗೆ ಗುಂಪಾಗಿದ್ದವು. ಮೇಸ್ತ್ರಿ ಚಾಕುವನ್ನು ಹಿಡಿದು ಅಳೆದ, ಎತ್ತಿದ, ಮತ್ತೆ ಅಳೆದ. ಸಾವಿರ ಸಲ ಲಿಫ್ಟಿನ ಉಕ್ಕಿನ ಹಗ್ಗ ಕತ್ತರಿಸಿದವನಿಗೆ ಎಲ್ಲಿ ಕೊಯ್ಯಬೇಕೆಂದು ತಿಳಿಯಲಿಲ್ಲ. ಕೊನೆಗೆ ಸೊಸೆ ಅವನ ಕೈಮೇಲೆ ತನ್ನ ಕೈಯಿಟ್ಟಳು. ಇಬ್ಬರೂ ಸೇರಿ ಒತ್ತಿದರು. ಒಳಗೆ ಹಳದಿಯಾಗಿ, ಒದ್ದೆಯಾಗಿತ್ತು. ಕೊಯ್ದ ಗಾಯಕ್ಕೆ ಇದ್ದಿಲ ಪುಡಿ ಮೆತ್ತಿ ಗಾಳಿಗೆ ಇಟ್ಟರು. ಮೊಳಕೆ ಹೆಚ್ಚಿದ್ದ ದೊಡ್ಡ ತುಂಡನ್ನು ಮೇಸ್ತ್ರಿ ಅವಳ ಕಡೆಗೆ ಸರಿಸಿದ. ಅವಳು ನೋಡಿದಳು, ಅವಳಿಗೆ ಗೊತ್ತಾಯಿತು. ಅತ್ತೆ ಕೋಣೆಯಿಂದ ಹೊರಗೆ ಬರಲೇ ಇಲ್ಲ.

ಸೊಸೆ ಹೋದ ಮೇಲೆ ಮಗ ಹೊಸ ಹೆಂಡತಿಯನ್ನು ಕರೆತಂದ. ಅತ್ತೆಯೇ ಕರೆಸಿಕೊಂಡಳು. ಇರುವವನು ಒಬ್ಬನೇ ಮಗ, ಎಷ್ಟು ದಿನ ಹೊರಗಿಡಲಿ ಎಂದಳು. ಹೊಸ ಸೊಸೆ ಚಿಕ್ಕ ಪ್ರಾಯದವಳು, ಮೆಲು ದನಿಯವಳು. ಮಾವ ಬಂದರೆ ಎದ್ದು ನಿಲ್ಲುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಮೇಸ್ತ್ರಿ ಪ್ರಯತ್ನಪಟ್ಟ. ಆಗಲಿಲ್ಲ. ಮಾತಾಡಿಸಲೂ ಆಗಲಿಲ್ಲ.

ಆ ಬೇಸಿಗೆಯಲ್ಲಿ ಅವನು ಆಗಾಗ ಹಳೆಯ ಸೊಸೆಯ ಕೋಣೆಗೆ ಹೋಗುತ್ತಿದ್ದ. ಮನೆಯಲ್ಲಿ ಕೇಳಿದರೆ, ಆ ಕಡೆ ಒಂದು ಲಿಫ್ಟು ತಕರಾರು ಮಾಡುತ್ತಿದೆ ಎನ್ನುತ್ತಿದ್ದ. ಅವಳ ಕೋಣೆ ನಾಲ್ಕನೇ ಮಹಡಿಯಲ್ಲಿತ್ತು, ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಮೊದಲ ಸಲ ಏದುಸಿರು ಬಿಡುತ್ತಾ ಹತ್ತಿ ಬಂದವನು, ಹುಡುಕಿ ಹುಡುಕಿ ಇಂಥ ಮನೆ ಹಿಡಿದಿದ್ದೀಯಲ್ಲಮ್ಮಾ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಎಂದ. ಅವಳು ನಗುತ್ತಾ ಕುಡಿಯಲು ನೀರು ಕೊಟ್ಟಳು. ಒಂದು ಮಂಚ, ಒಂದು ಒಲೆ, ಕಿಟಕಿಯ ಕಟ್ಟೆಯ ಮೇಲೆ ಕುಂಡ. ಕಿಟಕಿಗೆ ಬೆಳಕು ಚೆನ್ನಾಗಿತ್ತು, ಬಿಸಿಲಿರಲಿಲ್ಲ. ಬಿಗೋನಿಯಾಕ್ಕೆ ಹೇಳಿ ಮಾಡಿಸಿದ ಜಾಗ. ಗಿಡ ಅಲ್ಲಿ ಪೊದೆಯಾಗಿ ಬೆಳೆಯಿತು. ಮೇಸ್ತ್ರಿ ಕುಂಡ ತಿರುಗಿಸುತ್ತಿದ್ದ, ಬಾಡಿದ ಹೂ ತೆಗೆಯುತ್ತಿದ್ದ, ಮಣ್ಣಿಗೆ ಬೆರಳು ತೂರಿಸಿ ತೇವ ನೋಡುತ್ತಿದ್ದ. ಹತ್ತು ನಿಮಿಷದ ಕೆಲಸ. ಆಮೇಲೂ ಕೂತಿರುತ್ತಿದ್ದ. ಅವಳು ಅತ್ತೆಯ ಕಾಲಿನ ಬಗ್ಗೆ ಕೇಳುತ್ತಿದ್ದಳು. ಮಗನ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

ಇಂಥದ್ದು ಬಹಳ ದಿನ ಮುಚ್ಚಿಡಲು ಆಗುವುದಿಲ್ಲ. ಮಗನ ಪರಿಚಯದವರು ಯಾರೋ ಮೇಸ್ತ್ರಿಯನ್ನು ಆ ಮೆಟ್ಟಿಲ ಮೇಲೆ ನೋಡಿದರು. ಆ ರಾತ್ರಿ ಊಟಕ್ಕೆ ಕುಳಿತಾಗ ಮಗ ನೇರವಾಗಿ ಕೇಳಿದ. ಮೇಸ್ತ್ರಿ ಹೌದು, ಹೋಗುತ್ತೇನೆ ಎಂದ. ಮಗನ ದನಿ ಏರಿತು. ತನ್ನ ಹೆಂಡತಿಯ ಮುಖಕ್ಕೆ ಹೊಡೆದಂತೆ ಆಗಲ್ಲವೇ, ಊರಿನವರು ಏನು ಆಡಿಕೊಳ್ಳುತ್ತಾರೆ ಎಂದ. ಹೊಸ ಸೊಸೆ ತಟ್ಟೆ ಬಿಟ್ಟು ಒಳಗೆ ಹೋದಳು. ಅವಳು ಬಸುರಿ ಎಂಬುದು ಆ ವಾರವಷ್ಟೇ ಗೊತ್ತಾಗಿತ್ತು. ಗೋಡೆಯಾಚೆ ಅವಳು ಬಾಯಿಗೆ ಕೈ ಒತ್ತಿಕೊಂಡು ಅಳುವುದು ಎಲ್ಲರಿಗೂ ಕೇಳಿಸಿತು.

ಮಗ ಎದ್ದುಹೋದ ಮೇಲೆ ಹೆಂಡತಿ ಮೇಸ್ತ್ರಿಯ ಪಕ್ಕ ಬಂದು ಕುಳಿತಳು.

"ನಂಗೆ ಗೊತ್ತಿತ್ತು ಕಣ್ರೀ, ನೀವು ಹೋಗ್ತಿದ್ದದ್ದು. ಸುಮ್ಮನಿದ್ದೆ. ಆದ್ರೆ ಈ ಹುಡುಗಿ ಏನು ತಪ್ಪು ಮಾಡಿದಾಳೆ ಹೇಳಿ. ಹೊಟ್ಟೇಲಿ ಕೂಸು ಇಟ್ಕೊಂಡು ಅಳ್ತಿದಾಳೆ. ಸಾಕು, ಬಿಟ್ಟುಬಿಡಿ."

ಅವನು ಆಗಲಿ ಎಂದ. ಒಂದೇ ಒಂದು ಸಲ ಹೋಗಿ ಹೇಳಿ ಬರುತ್ತೇನೆ ಎಂದ.

ಅವನು ಹೋದಾಗ ಬೇಸಿಗೆ ಮುಗಿದು ಗಾಳಿ ತಣ್ಣಗಾಗಿತ್ತು. ಕಿಟಕಿಯ ಗಿಡದ ಎಲೆಗಳು ಹಳದಿಗೆ ತಿರುಗಿದ್ದವು. ಹೇಳಬೇಕಾದ್ದನ್ನು ಬಿಟ್ಟು ಮೇಸ್ತ್ರಿ ಗಿಡದ ಮಾತು ತೆಗೆದ. ಇನ್ನು ನೀರು ಕಡಿಮೆ ಮಾಡುತ್ತಾ ಬಾ, ಆಮೇಲೆ ಪೂರ್ತಿ ನಿಲ್ಲಿಸು. ದಂಟನ್ನು ನೀನಾಗಿ ಕೀಳಬೇಡ, ಅದಾಗಿ ಕಳಚಿಕೊಳ್ಳುವವರೆಗೆ ಕಾಯಿ. ಆಮೇಲೆ ಗೆಡ್ಡೆ ತೆಗೆದು, ಮಣ್ಣು ಉದುರಿಸಿ, ಒಣ ಮರಳಿನಲ್ಲಿ ಕತ್ತಲೆ ಜಾಗದಲ್ಲಿಡು. ಇದೆಲ್ಲ ಅವಳಿಗೆ ತನ್ನಷ್ಟೇ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಅವಳು ಮೊದಲ ಸಲ ಕೇಳುವವಳ ಹಾಗೆ ಎಲ್ಲಕ್ಕೂ ಹೂಂಗುಟ್ಟಿದಳು. ಅವನ ಮಾತು ಮುಗಿದಾಗ ಅವಳೇ ಹೇಳಿದಳು.

"ಅತ್ತೆ ಫೋನ್ ಮಾಡಿದ್ರು ಮಾವ. ಅಳ್ತಿದ್ರು. ಇನ್ಮೇಲೆ ನೀವು ಬರಬೇಡಿ."

"ಸಿಟ್ಟು ಬಂತೇನಮ್ಮಾ ನಿಂಗೆ?"

"ಇಲ್ಲ. ನಾನೇ ಹೇಳಬೇಕು ಅಂತಿದ್ದೆ. ನೀವು ಹತ್ತಿ ಬರೋ ಸದ್ದು ಕೇಳೋಕೆ ಇಷ್ಟು ದಿನ ಸುಮ್ಮನಿದ್ದೆ."

ಬಾಗಿಲವರೆಗೆ ಬಂದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಇಳಿಯುವಾಗ ಎರಡನೇ ಮಹಡಿಯಲ್ಲಿ ಗೋಡೆಗೆ ಒರಗಿ ನಿಂತು, ಯಾರೋ ಮೇಲಕ್ಕೆ ಬರುವ ಸದ್ದು ಕೇಳಿದ ಮೇಲೆ ಮುಖ ಒರೆಸಿಕೊಂಡು ಕೆಳಗಿಳಿದ.

ತನ್ನ ಪಾಲಿನ ಗೆಡ್ಡೆಯನ್ನು ಅವನು ಆ ವರ್ಷ ಅಗೆಯಲಿಲ್ಲ. ದಂಟು ಕಳಚಿದ ಮೇಲೆ ಕುಂಡವನ್ನೇ ಎತ್ತಿ ಸಾಮಾನಿನ ಕೋಣೆಯ ಮೂಲೆಯಲ್ಲಿಟ್ಟ. ಒಣಮಣ್ಣಿನಲ್ಲಿ ಹಾಗೆ ಬಿಟ್ಟರೂ ಅದು ಮಲಗಿರುತ್ತದೆ. ಆ ಚಳಿಗಾಲವೆಲ್ಲ ಅವನು ಕೆಲಸಕ್ಕೆ ಹೋಗಿ ಬಂದ, ಉಂಡ, ಮಲಗಿದ. ಕೆಲಸದ ಕಡೆಯವರು, ಮೇಸ್ತ್ರಿ ಈಗ ಲಿಫ್ಟಿನ ಜೊತೆಗೂ ಮಾತು ಬಿಟ್ಟಿದ್ದಾರೆ ಎಂದು ನಗೆಯಾಡಿದರು.

ಚಳಿ ಇಳಿಯುತ್ತಿದ್ದ ಒಂದು ಬೆಳಿಗ್ಗೆ ಹೊಸ ಸೊಸೆ ಅವನ ಮುಂದೆ ಬಂದು ನಿಂತಳು. ಮುಖದಲ್ಲಿ ಸಂಕೋಚ, ಸ್ವಲ್ಪ ಹೆಮ್ಮೆ. ಸಾಮಾನಿನ ಕೋಣೆಯಲ್ಲಿ ನಿಮ್ಮ ಗಿಡ ಒಣಗಿಹೋಗಿತ್ತು ಮಾವ, ನಿಮಗೆ ಆ ಗಿಡ ಅಂದರೆ ಜೀವ ಅಂತ ಅತ್ತೆ ಹೇಳಿದ್ದರು, ಅದಕ್ಕೆ ನಾನು ದಿನಾ ತಪ್ಪದೆ ನೀರು ಹಾಕುತ್ತಿದ್ದೇನೆ, ಇನ್ನೂ ಚಿಗುರಿಲ್ಲ ಎಂದಳು.

ಮೇಸ್ತ್ರಿ ಹೋಗಿ ಕುಂಡಕ್ಕೆ ಕೈಹಾಕಿದ. ಬೆರಳು ತಡೆಯಿಲ್ಲದೆ ಒಳಗಿಳಿಯಿತು. ಗೆಡ್ಡೆಯಿದ್ದ ಕಡೆ ಅಂಬಲಿಯಂಥದ್ದೇನೋ ಬೆರಳಿಗೆ ಹತ್ತಿತು. ಹುಳಿ ನಾತ ಬಂತು. ಅವನು ಕೈಯನ್ನು ಹೊರಗೆ ತೆಗೆಯದೆ ಬಹಳ ಹೊತ್ತು ಹಾಗೇ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಹಿಂದೆ ನಿಂತಿದ್ದ ಹುಡುಗಿಗೆ ನಿಧಾನವಾಗಿ ಅರ್ಥವಾಗತೊಡಗಿತು.

"ನಾನು ಏನಾದ್ರೂ ತಪ್ಪು ಮಾಡಿದ್ನಾ ಮಾವ?" ಎಂದಳು. ದನಿ ಒಡೆದಿತ್ತು.

ಅವನು ತಿರುಗಿ ನೋಡಿದ. ತುಂಬಿದ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಬೈಗುಳಕ್ಕೆ ಕಾಯುವ ಶಾಲೆಯ ಹುಡುಗಿಯ ಹಾಗೆ ನಿಂತಿದ್ದಳು. ಇಷ್ಟು ತಿಂಗಳಲ್ಲಿ ತನಗಾಗಿ ಯಾರೂ ಹೇಳದೆ ಮಾಡಿದ ಕೆಲಸ ಇದೊಂದೇ ಎಂದು ಅವನಿಗೆ ಹೊಳೆಯಿತು.

"ಇಲ್ಲಮ್ಮಾ. ಗೆಡ್ಡೆಗೆ ವಯಸ್ಸಾಗಿತ್ತು" ಎಂದ. "ನೀನು ಹೋಗಿ ಕೂತ್ಕೋ. ಇಲ್ಲಿ ತಂಡಿ."

ಕುಂಡವನ್ನು ಕೆಳಗೆ ಒಯ್ದು ತಾನೇ ಸುರಿದು ಬಂದ. ಇನ್ನೊಂದು ಭಾಗ ಊರಿನ ಆ ತುದಿಯಲ್ಲಿ, ಹಳೆಯ ಸೊಸೆಯ ಕೋಣೆಯಲ್ಲಿ, ಮರಳಿನಲ್ಲಿ ಮಲಗಿತ್ತು. ಒಂದು ಮಾತು ಕೇಳಿದರೆ ಅವಳು ಅರ್ಧ ಅಲ್ಲ, ಪೂರ್ತಿಯನ್ನೇ ತಂದು ಕೊಡುವವಳು. ಹೋಗುವುದಿಲ್ಲ ಎಂದು ಹೆಂಡತಿಗೆ ಹೇಳಿಯಾಗಿತ್ತು. ಬರಬೇಡಿ ಎಂದು ಅವಳೂ ಹೇಳಿಯಾಗಿತ್ತು.

ವಸಂತ ಬಂದಾಗ, ಹೊಸ ಸೊಸೆಯ ಮುಖ ಇನ್ನೂ ಸಪ್ಪಗಿರುವುದನ್ನು ನೋಡಲಾರದೆ, ಒಂದು ಗೆಡ್ಡೆ ತಂದು ಅವಳ ಕೈಯಲ್ಲೇ ನೆಡಿಸೋಣ ಎಂದು ಮೇಸ್ತ್ರಿ ನರ್ಸರಿಗೆ ಹೋದ. ಬುಟ್ಟಿಯಲ್ಲಿದ್ದ ಗೆಡ್ಡೆಗಳನ್ನು ಒಂದೊಂದಾಗಿ ಒತ್ತಿ ಗಟ್ಟಿಯಾದದ್ದನ್ನು ಆರಿಸಿ, ಪೊಟ್ಟಣ ಕಟ್ಟಿಸಿಕೊಂಡು ತಿರುಗಿದರೆ ಎದುರಿಗೆ ಹಳೆಯ ಸೊಸೆ.

ಅವಳ ಜೊತೆ ಎತ್ತರದ, ಕನ್ನಡಕದ ಮನುಷ್ಯನೊಬ್ಬ ಗೊಬ್ಬರದ ಚೀಲ ಹೊತ್ತು ನಿಂತಿದ್ದ. ಅವನ ತಾಯಿ ಇರಬೇಕು, ಬಿಳಿ ಕೂದಲಿನ ಹೆಂಗಸು, ಅವಳ ತೋಳು ಹಿಡಿದುಕೊಂಡಿದ್ದಳು. ಹಿಡಿದ ರೀತಿಯಲ್ಲೇ ಇವಳು ಆ ಮನೆಗೆ ಸೊಸೆಯಾಗುವವಳು ಎಂದು ತಿಳಿಯುವಂತಿತ್ತು. ಅವಳ ಬಾಯಿ ಮಾವ ಎನ್ನಲು ತೆರೆದು, ಹಾಗೇ ನಿಂತಿತು.

"ಯಾರಮ್ಮಾ ಇವರು?" ಎಂದಳು ಆ ತಾಯಿ, ನಗುಮುಖದಿಂದಲೇ.

ಅವಳು "ಇವರು..." ಎಂದಳು. ಮುಂದಿನ ಮಾತು ಬರಲಿಲ್ಲ. ಅವಳ ಕಿವಿಯವರೆಗೂ ಕೆಂಪೇರಿದ್ದನ್ನು ನೋಡಿ ಮೇಸ್ತ್ರಿಯೇ ಬಾಯಿ ಹಾಕಿದ.

"ಲಿಫ್ಟ್ ರಿಪೇರಿ ಮಾಡೋನು ತಾಯಿ. ಇವರು ಮೊದಲು ಇದ್ದ ಕಟ್ಟಡದಲ್ಲಿ ನಾನೇ ನೋಡ್ಕೊಳ್ತಿದ್ದೆ." ಆಮೇಲೆ ಅವಳ ಕಡೆ ತಿರುಗಿದ. "ಚೆನ್ನಾಗಿದೀರಾ ಮೇಡಂ?"

ಅವಳನ್ನು ಅವನು ಎಂದೂ ಬಹುವಚನದಲ್ಲಿ ಮಾತಾಡಿಸಿದವನಲ್ಲ. ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ಕಣ್ಣು ತುಂಬಿಕೊಂಡದ್ದು ಕಾಣಬಾರದೆಂದು ಅವನ ಕೈಯ ಪೊಟ್ಟಣದ ಕಡೆ ನೋಟ ಇಳಿಸಿದಳು.

"ಚೆನ್ನಾಗಿದೀನಿ. ನಿಮ್ಮ ಗೆಡ್ಡೆಗೆ ಮೊಳಕೆ ಬಂತಾ?"

"ಬಂತು. ಇದು ಅದರ ಜೊತೆಗೆ ಇನ್ನೊಂದು ಇರಲಿ ಅಂತ."

ಕೊಳೆತುಹೋಯಿತು ಎಂದರೆ ಅವಳು ಸುಮ್ಮನಿರುವವಳಲ್ಲ, ನಾಳೆಯೇ ತಂದು ಬಾಗಿಲಲ್ಲಿ ನಿಲ್ಲುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಕನ್ನಡಕದ ಮನುಷ್ಯ ಗೊಬ್ಬರದ ಚೀಲ ಕೆಳಗಿಟ್ಟು, ಇವರ ಕಿಟಕಿಯ ಬಿಗೋನಿಯಾ ನೀವು ನೋಡಬೇಕು, ನಾನು ಮೊದಲು ಕಾಗದದ ಹೂ ಅಂದುಕೊಂಡಿದ್ದೆ ಎಂದ. ಒಳ್ಳೆಯ ದನಿ, ಒಳ್ಳೆಯ ನಗು. ಮೇಸ್ತ್ರಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎಲೆ ಮೇಲೆ ನೀರು ಬೀಳದ ಹಾಗೆ ನೋಡ್ಕೊಳ್ಳಿ ಎಂದಷ್ಟೇ ಹೇಳಿದ.

ಹೊರಡುವಾಗ ಅವಳು "ಅತ್..." ಎಂದವಳು ನಾಲಿಗೆ ಕಚ್ಚಿಕೊಂಡಳು. "ಮನೇಲಿ ಎಲ್ಲರೂ ಹೇಗಿದಾರೆ?" ಎಂದು ಕೇಳಿದಳು. ಎಲ್ಲರೂ ಆರಾಮಾಗಿದ್ದಾರೆ ಎಂದು ಹೇಳಿ ಅವನು ಕೈಮುಗಿದ. ಅವಳೂ ಮುಗಿದಳು.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಅವನು ಪೊಟ್ಟಣ ಮೇಜಿನ ಮೇಲಿಟ್ಟು ಕುಳಿತ. ಬಚ್ಚಿಡುವ ಮನಸ್ಸಿರಲಿಲ್ಲ. ನರ್ಸರಿಯಲ್ಲಿ ಅವಳು ಸಿಕ್ಕಿದ್ದಳು ಎಂದ. ಹೆಂಡತಿಯ ಕೈ ನಿಂತಿತು. ಅಡುಗೆಮನೆಯ ಬಾಗಿಲನ್ನು ಅರ್ಧ ಮುಂದಕ್ಕೆ ಹಾಕಿ, ಅವನ ಎದುರು ಕುಳಿತು, ಒಂದೊಂದೇ ಕೇಳಿದಳು. ಬಡವಾಗಿದ್ದಾಳಾ. ಕೂದಲು ಹಾಗೇ ಇದೆಯಾ. ಜೊತೆಗಿದ್ದವನು ಹೇಗಿದ್ದಾನೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾನಾ. ಅವನ ತಾಯಿ ಜೋರಾ. ಮೇಸ್ತ್ರಿ ನೋಡಿದ್ದನ್ನೆಲ್ಲ ಬಿಡದೆ ಹೇಳಿದ. ತಾನು ಅವಳನ್ನು ಮೇಡಂ ಎಂದು ಕರೆದದ್ದನ್ನೂ ಹೇಳಿದ. ಹೆಂಡತಿ ಒರೆಸುವ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು.

"ನನ್ನ ಕೇಳಿದ್ಲಾ?"

"ಕೇಳಿದ್ಲು."

"ಏನಂತ?"

"ಅತ್ತೆ ಅಂತ ಬಾಯಿಗೆ ಬಂತು. ಪಕ್ಕದಲ್ಲಿ ಅವರಿದ್ರಲ್ಲ, ನುಂಗಿಕೊಂಡ್ಳು."

ಹೆಂಡತಿ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. ಸದ್ದು ಹೊರಗೆ ಹೋಗದಂತೆ ಅತ್ತಳು. ಮೇಸ್ತ್ರಿ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತ. ಅಷ್ಟರಲ್ಲಿ ಒಳಕೋಣೆಯಿಂದ ಹೊಸ ಸೊಸೆ, ಮಂಚದಿಂದ ಏಳಲಾಗದೆ, ಅತ್ತೆ ಎಂದು ಕರೆದಳು. ಹೆಂಡತಿ ಕಣ್ಣು ಒರೆಸಿಕೊಂಡು, ಬಂದೆ ಮಗಳೇ ಎನ್ನುತ್ತಾ ಮೇಜಿಗೆ ಕೈಯೂರಿ ಎದ್ದಳು.